ನೆಟ್‌ಫ್ಲಿಕ್ಸ್ ಬಂದ ಮೊದಲ ತಿಂಗಳು: ಪದೇ ಪದೇ ಕೇಳುವ ಪ್ರಶ್ನೆಗಳು

2016ರ ಜನವರಿಯ ಮೊದಲ ವಾರದಲ್ಲೇ ಕಾರ್ಡ್ ನಂಬರ್ ಕೊಟ್ಟು ನೆಟ್‌ಫ್ಲಿಕ್ಸ್ ಹಾಕಿಸಿಕೊಂಡವರಲ್ಲಿ ನಾನೂ ಒಬ್ಬ. ಆಗ ಆಫೀಸಿನ ಕ್ಯಾಂಟೀನಿನಲ್ಲಿ ಸಿಕ್ಕವರೆಲ್ಲ "ಹೆಂಗಿದೆ ಗುರು?" ಅಂತ ಕೇಳುತ್ತಿದ್ದರು. ಈಗ ಅವರ ಮಕ್ಕಳು ಕೇಳುತ್ತಾರೆ. ಮೀಡಿಯಾ ಓದುವ ಹುಡುಗ ಹುಡುಗಿಯರು ಪ್ರಾಜೆಕ್ಟಿಗೆ ಬೇಕು ಅಂತ ಪತ್ರ ಬರೆಯುತ್ತಾರೆ. ಪ್ರಶ್ನೆಗಳು ಮಾತ್ರ ಸುತ್ತಿ ಸುತ್ತಿ ಅವೇ ಇಪ್ಪತ್ತೆರಡು. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳಿ ಸಾಕಾಗಿ ಇಲ್ಲಿ ಒಟ್ಟಿಗೆ ಬರೆದಿಟ್ಟಿದ್ದೇನೆ. ಕೇಳಿದವರ ಮಾತನ್ನು ತಿದ್ದಿಲ್ಲ. ಸುಲಭದವು ಮೊದಲು, ತಲೆ ಕೆರೆದುಕೊಳ್ಳುವಂಥವು ಆಮೇಲೆ.

## ಶುರುವಿನವು

ನೆಟ್‌ಫ್ಲಿಕ್ಸ್ ಇಲ್ಲಿಗೆ ಬಂದಿದ್ದು ಜಿಯೋ ಬಂದ ಮೇಲೆ ತಾನೇ?

ಅಲ್ಲ, ಎಂಟು ತಿಂಗಳು ಮುಂಚೆ. 2016ರ ಜನವರಿ 6, ಬುಧವಾರ. ಲಾಸ್ ವೇಗಸ್‌ನಲ್ಲಿ ನಡೆಯುವ ಸಿಇಎಸ್ ಎಂಬ ಎಲೆಕ್ಟ್ರಾನಿಕ್ಸ್ ಮೇಳದ ವೇದಿಕೆಯಲ್ಲಿ ಕಂಪನಿಯ ಮುಖ್ಯಸ್ಥ ರೀಡ್ ಹೇಸ್ಟಿಂಗ್ಸ್ ಭಾಷಣ ಮಾಡುತ್ತಿದ್ದಾಗಲೇ ಭಾರತವೂ ಸೇರಿ 130 ದೇಶಗಳಲ್ಲಿ ಒಂದೇ ಏಟಿಗೆ ಬಾಗಿಲು ತೆರೆದರು. ಚೀನಾ, ಉತ್ತರ ಕೊರಿಯಾ, ಸಿರಿಯಾ, ಕ್ರಿಮಿಯಾ ಬಿಟ್ಟು ಹೆಚ್ಚೂಕಡಿಮೆ ಇಡೀ ಜಗತ್ತು. ಇಲ್ಲಿ ಆಗ ರಾತ್ರಿ. ಊಟ ಮುಗಿಸಿ ಮಲಗಿದವರಿಗೆ ಬೆಳಗ್ಗೆ ಪೇಪರಿನಲ್ಲಿ ಗೊತ್ತಾಯಿತು.

ಜಿಯೋ ಶುರುವಾದದ್ದು ಅದೇ ವರ್ಷ ಸೆಪ್ಟೆಂಬರ್ 5ಕ್ಕೆ. ಈ ಎಂಟು ತಿಂಗಳ ಅಂತರ ತಲೆಯಲ್ಲಿಟ್ಟುಕೊಳ್ಳದೆ ಹೋದರೆ ಕೆಳಗಿನ ಅರ್ಧ ಉತ್ತರ ಅರ್ಥವಾಗುವುದಿಲ್ಲ. ನಾವು ನೋಡಲು ಕೂತದ್ದು ಜಿಬಿಯನ್ನು ಚಿನ್ನದ ಹಾಗೆ ತೂಗುತ್ತಿದ್ದ ಕಾಲದಲ್ಲಿ.

ಅದಕ್ಕೂ ಮುಂಚೆ ಇಲ್ಲಿ ಇಂಥದ್ದೇನೂ ಇರಲಿಲ್ವಾ ಅಂಕಲ್?

ಇತ್ತು. ಸ್ಟಾರ್‌ನವರ ಹಾಟ್‌ಸ್ಟಾರ್ 2015ರ ಫೆಬ್ರವರಿಯಲ್ಲಿ, ವಿಶ್ವಕಪ್ ಕ್ರಿಕೆಟ್ ಹೊತ್ತಿಗೆ ಸರಿಯಾಗಿ ಬಂದಿತ್ತು. ಬಿಟ್ಟಿ, ಆದರೆ ನಡುವೆ ಜಾಹೀರಾತು. ಈರೋಸ್ ನೌ, ಸ್ಪೂಲ್, ಹೂಕ್ ಕೂಡ ಇದ್ದವು. ಆದರೆ ನಮ್ಮ ಬಳಗದಲ್ಲಿ ನಿಜವಾದ "ಸ್ಟ್ರೀಮಿಂಗ್ ಸೇವೆ" ಅಂದರೆ ಶುಕ್ರವಾರ ಸಂಜೆ ಕೈಯಿಂದ ಕೈಗೆ ಹೋಗುತ್ತಿದ್ದ ಪೆನ್‌ಡ್ರೈವ್. ಯಾರ ಮನೆಯಲ್ಲಿ ಬಿಎಸ್‌ಎನ್‌ಎಲ್‌ನ ರಾತ್ರಿ 2ರಿಂದ ಬೆಳಗ್ಗೆ 8ರವರೆಗೆ ಲೆಕ್ಕವಿಲ್ಲದ ಪ್ಲಾನ್ ಇತ್ತೋ ಅವನೇ ಆ ಬಳಗದ ರಾಜ. ರಾತ್ರಿಯಿಡೀ ಕಂಪ್ಯೂಟರ್ ಗುಂಯ್‌ಗುಟ್ಟುತ್ತಿತ್ತು, ಬೆಳಗ್ಗೆ ಫೋಲ್ಡರ್ ತುಂಬಿರುತ್ತಿತ್ತು.

ತಿಂಗಳಿಗೆ ಎಷ್ಟಿತ್ತು ಆಗ?

500, 650, 800 ರೂಪಾಯಿ. 500ಕ್ಕೆ ಒಂದೇ ಪರದೆ, ಮಾಮೂಲಿ ಗುಣಮಟ್ಟ. 650ಕ್ಕೆ ಎರಡು ಪರದೆ, ಎಚ್‌ಡಿ. 800ಕ್ಕೆ ನಾಲ್ಕು ಪರದೆ, ಅಲ್ಟ್ರಾ ಎಚ್‌ಡಿ. ಅಮೆರಿಕದ ಡಾಲರ್ ಬೆಲೆಯನ್ನು ರೂಪಾಯಿಗೆ ತಿರುಗಿಸಿ ಸ್ವಲ್ಪ ನಯಗೊಳಿಸಿದ ಹಾಗಿತ್ತು ಈ ದರಪಟ್ಟಿ. ಕೇಬಲ್‌ನವನಿಗೆ ಇನ್ನೂರೈವತ್ತು ಕೊಡುವಾಗಲೂ ಬಾಗಿಲಲ್ಲಿ ನಿಂತು "ಈ ಸಲ ಎರಡು ದಿನ ಬರಲೇ ಇಲ್ಲವಲ್ಲಪ್ಪ" ಅಂತ ಚೌಕಾಸಿ ಮಾಡುತ್ತಿದ್ದವರು ನಾವು. ಇಲ್ಲಿ ಬಾಗಿಲಿಗೆ ಬರುವವರೇ ಇಲ್ಲ, ಚೌಕಾಸಿ ಯಾರ ಹತ್ತಿರ ಮಾಡುವುದು?

ಮೊದಲ ತಿಂಗಳು ಫ್ರೀ ಅಂದ್ರೆ ನಿಜವಾಗ್ಲೂ ಫ್ರೀನಾ?

ಆಗ ಫ್ರೀಯೇ. ಆದರೆ ಕಾರ್ಡ್ ಮೊದಲೇ ಕೊಡಬೇಕಿತ್ತು. ತಿಂಗಳು ಮುಗಿಯುವ ಮೊದಲು ನಾವೇ ನೆನಪಿಟ್ಟು ರದ್ದು ಮಾಡಬೇಕಿತ್ತು. ಮರೆತರೆ ದುಡ್ಡು ಕಟ್ಟಾಗುತ್ತಿತ್ತು. ಇವತ್ತು ಎಷ್ಟೋ ಸೇವೆಗಳು ಹೀಗೇ ತಾನಾಗಿ ಹಣ ಎಳೆದುಕೊಳ್ಳುವುದರಿಂದ ಇದರಲ್ಲಿ ವಿಶೇಷ ಕಾಣಿಸುವುದಿಲ್ಲ. ಆಗ ಇದು ನಮಗೆ ತೀರಾ ಹೊಸದು. ಬಿಲ್ ಬಂದ ಮೇಲೆ ಕಟ್ಟಿ ರೂಢಿ, ಕಟ್ಟದಿದ್ದರೆ ಲೈನ್ ಕಟ್. ಸುಮ್ಮನಿದ್ದರೂ ಹಣ ಹೋಗುತ್ತದೆ ಅನ್ನುವ ಲೆಕ್ಕಕ್ಕೆ ಒಗ್ಗಿಕೊಳ್ಳಲು ಸ್ವಲ್ಪ ಕಾಲ ಹಿಡಿಯಿತು. ನನ್ನ ಸಹೋದ್ಯೋಗಿಯೊಬ್ಬರು ಗೋಡೆಯ ಕ್ಯಾಲೆಂಡರಿನಲ್ಲಿ ಫೆಬ್ರವರಿಯ ಆ ದಿನಕ್ಕೆ ಕೆಂಪು ಪೆನ್ನಿನಿಂದ ಸುತ್ತು ಹಾಕಿಟ್ಟಿದ್ದರು. ಅದರ ಪಕ್ಕದಲ್ಲೇ ಗ್ಯಾಸ್ ಬುಕ್ ಮಾಡಿದ ದಿನ.

ಡೆಬಿಟ್ ಕಾರ್ಡ್ ಹಾಕಿದ್ರೆ ಯಾಕೆ ತಗೊಳ್ತಿರಲಿಲ್ಲ? ಬ್ಯಾಂಕಲ್ಲಿ ದುಡ್ಡು ಇತ್ತಲ್ಲ?

ಸಮಸ್ಯೆ ದುಡ್ಡಿನದಲ್ಲ, ಒಟಿಪಿಯದು. ಅಂಗಡಿಗೆ ಹೋಗದೆ ಆನ್‌ಲೈನಿನಲ್ಲಿ ಕಾರ್ಡ್ ಬಳಸಿದರೆ ಎರಡನೇ ಹಂತದ ಖಾತರಿ ಬೇಕೇ ಬೇಕು ಅನ್ನುವುದು ರಿಸರ್ವ್ ಬ್ಯಾಂಕಿನ 2009ರ ನಿಯಮ. ನೆಟ್‌ಫ್ಲಿಕ್ಸ್‌ನಂಥ ಸೇವೆ ತಿಂಗಳು ತಿಂಗಳು ತಾನಾಗೇ ಹಣ ಎಳೆದುಕೊಳ್ಳಬೇಕು. ಪ್ರತಿ ಸಲ ನಾವು ಕೂತು ಒಟಿಪಿ ಒತ್ತುವುದಿಲ್ಲ. ಹೀಗಾಗಿ ವಿದೇಶಿ ವ್ಯವಹಾರಕ್ಕೆ ತೆರೆದಿಟ್ಟ ಕ್ರೆಡಿಟ್ ಕಾರ್ಡ್ ಇದ್ದವರಿಗೆ ದಾರಿ ಸಲೀಸು, ಎಷ್ಟೋ ಡೆಬಿಟ್ ಕಾರ್ಡುಗಳು ಮಾತ್ರ ಅಲ್ಲೇ ಮುಗ್ಗರಿಸುತ್ತಿದ್ದವು.

ನನ್ನ ಕಾರ್ಡೂ ಮೊದಲ ಸಲ ಹೋಗಲಿಲ್ಲ. ಬ್ಯಾಂಕಿಗೆ ಫೋನ್ ಮಾಡಿದರೆ ಆ ಕಡೆಯ ಹುಡುಗಿ "ಸರ್, ಇಂಟರ್‌ನ್ಯಾಷನಲ್ ಯೂಸೇಜ್ ಆನ್ ಮಾಡೋಕೆ ಬ್ರಾಂಚಿಗೇ ಬರಬೇಕು" ಅಂದಳು. ಮರುದಿನವೇ ಹೋಗಿ ಫಾರ್ಮ್ ತುಂಬಿದೆ. "ವಿದೇಶ ಪ್ರಯಾಣದ ಉದ್ದೇಶ" ಅಂತ ಒಂದು ಕಲಂ. ಏನು ಬರೆಯಲಿ? "ಸಿನಿಮಾ" ಅಂತ ಬರೆದೆ. ಮ್ಯಾನೇಜರ್ ಒಮ್ಮೆ ಫಾರ್ಮ್ ನೋಡಿ, ಒಮ್ಮೆ ನನ್ನ ಮುಖ ನೋಡಿ, ಸೀಲು ಒತ್ತಿದರು.

ತಿಂಗಳ ಕಡಿತಕ್ಕೆ ಬ್ಯಾಂಕು 24 ಗಂಟೆ ಮೊದಲೇ ತಿಳಿಸಬೇಕು ಅನ್ನುವ ಈಗಿನ ವ್ಯವಸ್ಥೆ ಪೂರ್ತಿಯಾಗಿ ಜಾರಿಗೆ ಬಂದದ್ದು 2021ರ ಅಕ್ಟೋಬರ್ 1ರಿಂದ.

## ನೆಟ್ಟು, ಡೇಟಾ, ಟಿವಿ

ಆಗಿನ ನೆಟ್ಟಲ್ಲಿ ಇದು ಓಡ್ತಿತ್ತಾ ಅನ್ನೋದೇ ನನಗೆ ಡೌಟು.

ಓಡುತ್ತಿತ್ತು, ಆದರೆ ಗಡಿಯಾರ ನೋಡಿಕೊಂಡು. ಕಂಪನಿಯ ಲೆಕ್ಕದಲ್ಲಿ ನೆಟ್ಟಿನ ವೇಗ ಕನಿಷ್ಠ 0.5 ಎಂಬಿಪಿಎಸ್, ಮಾಮೂಲಿ ಗುಣಮಟ್ಟಕ್ಕೆ 3, ಎಚ್‌ಡಿಗೆ 5, ಅಲ್ಟ್ರಾ ಎಚ್‌ಡಿಗೆ 25 ಎಂಬಿಪಿಎಸ್ ಬೇಕಿತ್ತು. ಬೆಳಗಿನ ಜಾವ ಐದೂವರೆಗೆ ಎಚ್‌ಡಿ ನೀರಿನ ಹಾಗೆ ಹರಿಯುತ್ತಿತ್ತು. ರಾತ್ರಿ ಒಂಬತ್ತಕ್ಕೆ ಬೀದಿಯವರೆಲ್ಲ ನೆಟ್ಟಿಗೆ ಬಂದಾಗ ಚಿತ್ರ ಮಸುಕು.

ಚಕ್ರ ಸುತ್ತಿಕೊಂಡು ನಿಲ್ಲುವ ಬದಲು ಮಸುಕಾಗಿಯಾದರೂ ಮುಂದೆ ಹೋಗುತ್ತಿತ್ತಲ್ಲ, ಮೊದಲ ವಾರ ನಮಗೆ ಬೆರಗು ಹುಟ್ಟಿಸಿದ್ದು ಅದೇ. ಒಂದೇ ಚಿತ್ರವನ್ನು ಬೇರೆ ಬೇರೆ ಗಾತ್ರಗಳಲ್ಲಿ ಮೊದಲೇ ತಯಾರು ಮಾಡಿಟ್ಟು, ಕೆಲವೇ ಸೆಕೆಂಡಿನ ತುಣುಕುಗಳಾಗಿ ಕಳಿಸುತ್ತಾರೆ. ನೆಟ್ಟು ಸೊರಗಿದರೆ ಮುಂದಿನ ತುಣುಕು ಸಣ್ಣ ಗಾತ್ರದ್ದು, ಸುಧಾರಿಸಿದರೆ ದೊಡ್ಡದು. ನಮ್ಮ ಕಣ್ಣಿಗೆ ಕಾಣುತ್ತಿದ್ದುದು ಇಷ್ಟು: ನಾಯಕನ ಮುಖ ಮಂಜಿನಲ್ಲಿ ಮುಳುಗಿ ಹತ್ತು ಸೆಕೆಂಡಿನಲ್ಲಿ ಗಡ್ಡದ ಕೂದಲು ಎಣಿಸುವಷ್ಟು ಸ್ಪಷ್ಟವಾಗುವುದು.

ಎಫ್‌ಯುಪಿ ಅಂತ ನಮ್ಮಪ್ಪ ಇನ್ನೂ ಬೈತಿರ್ತಾರೆ. ಏನದು?

ನಿಮ್ಮಪ್ಪ ಸುಮ್ಮನೆ ಬೈಯುತ್ತಿಲ್ಲ. ಆಗ "ಅನ್‌ಲಿಮಿಟೆಡ್" ಅಂತ ಮಾರುತ್ತಿದ್ದ ಬ್ರಾಡ್‌ಬ್ಯಾಂಡ್ ಪ್ಲಾನುಗಳಿಗೆ ಕೆಳಗೆ ಸಣ್ಣಕ್ಷರದಲ್ಲಿ ಒಂದು ಮಿತಿ ಇರುತ್ತಿತ್ತು. ಅಷ್ಟು ಜಿಬಿ ದಾಟಿದರೆ ನೆಟ್ಟು ನಿಲ್ಲುವುದಿಲ್ಲ, ಆಮೆಯಾಗುತ್ತದೆ. ಅದೇ ಎಫ್‌ಯುಪಿ.

ನಮ್ಮ ಮನೆಯದು 50 ಜಿಬಿ. ಎಚ್‌ಡಿ ನೋಡಿದರೆ ಗಂಟೆಗೆ 3 ಜಿಬಿವರೆಗೂ ಖರ್ಚು. ಅಂದರೆ ಇಡೀ ತಿಂಗಳಿಗೆ ಹದಿನಾರು ಗಂಟೆ ನಲವತ್ತು ನಿಮಿಷ. ಐವತ್ತು ನಿಮಿಷದ ಹದಿಮೂರು ಕಂತುಗಳ ಒಂದು ಸರಣಿ ಮುಗಿಸಿದರೆ ಮೂವತ್ತು ಚಿಲ್ಲರೆ ಜಿಬಿ ಹೋಯಿತು. ನಾನು ಒಂದೇ ವಾರಾಂತ್ಯದಲ್ಲಿ ಒಂದು ಸರಣಿ ಮುಗಿಸಿ ಇನ್ನೊಂದಕ್ಕೆ ಕೈ ಹಾಕಿದೆ. ತಿಂಗಳ ಹದಿನೇಳನೇ ತಾರೀಕು ಮಧ್ಯಾಹ್ನ ವೇಗ 512 ಕೆಬಿಪಿಎಸ್‌ಗೆ ಬಿತ್ತು. ಕನಿಷ್ಠ 0.5 ಎಂಬಿಪಿಎಸ್ ಸಾಕು ಅಂದಿದ್ದರಲ್ಲ, ಹೆಚ್ಚೂಕಡಿಮೆ ಅಷ್ಟೇ. ಚಿತ್ರ ಓಡಿತು, ಮಳೆ ಹನಿದ ರಂಗೋಲಿಯ ಹಾಗೆ ಕಾಣುತ್ತಿತ್ತು. ಅದಕ್ಕಿಂತ ದೊಡ್ಡ ಪೆಟ್ಟು, ಹೆಂಡತಿಯ ಆಫೀಸ್ ಮೇಲ್‌ಗಳೂ ತೆರೆಯದೆ ಕೂತವು. ಆ ತಿಂಗಳ ಮಿಕ್ಕ ಹದಿನಾಲ್ಕು ದಿನ ಮನೆಯಲ್ಲಿ ನನ್ನ ಸ್ಥಾನ ಏನಾಗಿತ್ತು ಅಂತ ಇಲ್ಲಿ ಬರೆಯುವುದು ಬೇಡ.

ಮಾರ್ಚ್ ಹೊತ್ತಿಗೆ ಪಾಠ ಕಲಿತಿದ್ದೆ. ಅಕೌಂಟ್ ಸೆಟ್ಟಿಂಗಿನೊಳಗೆ ಡೇಟಾ ಬಳಕೆ ಅಂತ ಒಂದು ಆಯ್ಕೆ ಇದೆ. ಅದನ್ನು ಮಧ್ಯಮಕ್ಕೆ ಇಟ್ಟರೆ ಗಂಟೆಗೆ 0.7 ಜಿಬಿ; ಅದೇ 50 ಜಿಬಿಗೆ ಎಪ್ಪತ್ತು ಗಂಟೆ ಬರುತ್ತದೆ. ನಮ್ಮದು 32 ಇಂಚಿನ ಟಿವಿ, ಸೋಫಾ ಹತ್ತು ಅಡಿ ದೂರ. ವ್ಯತ್ಯಾಸ ಕಂಡುಹಿಡಿಯಲು ಹತ್ತಿರ ಹೋಗಿಯೇ ನೋಡಬೇಕು.

ಮೊಬೈಲಲ್ಲೇ ನೋಡ್ಬಹುದಿತ್ತಲ್ವಾ, ಮೆಟ್ರೋದಲ್ಲಿ ಹೋಗ್ತಾ?

ಆಗ 1 ಜಿಬಿ ಮೊಬೈಲ್ ಡೇಟಾಕ್ಕೆ ಸುಮಾರು 250 ರೂಪಾಯಿ. 2016ರ ಮೇನಲ್ಲಿ ನೆಟ್‌ಫ್ಲಿಕ್ಸ್ ಆ್ಯಪಿಗೆ ಮೊಬೈಲ್ ಡೇಟಾ ಹತೋಟಿ ಬಂದಾಗ ಮಾಮೂಲಿ ಸೆಟ್ಟಿಂಗಿನಲ್ಲಿ 1 ಜಿಬಿಗೆ ಮೂರು ಗಂಟೆಯಷ್ಟು ನೋಡಬಹುದಿತ್ತು. ಎರಡು ಗಂಟೆಯ ಸಿನಿಮಾಕ್ಕೆ ನೂರಾ ಅರವತ್ತು, ನೂರಾ ಎಪ್ಪತ್ತು ರೂಪಾಯಿ ಆಯಿತು. ಅದೇ ದುಡ್ಡಿಗೆ ಥಿಯೇಟರಿನಲ್ಲಿ ದೊಡ್ಡ ಪರದೆ ಸಿಗುತ್ತಿತ್ತು.

ಮನೆಯ ವೈಫೈನಲ್ಲಿ ಡೌನ್‌ಲೋಡ್ ಮಾಡಿಕೊಂಡು ಹೋಗೋಣ ಅಂದರೆ ಆ ಸೌಲಭ್ಯವೇ ಇರಲಿಲ್ಲ. ಅದು ಬಂದದ್ದು 2016ರ ನವೆಂಬರ್ 30ಕ್ಕೆ. ಬೆಂಗಳೂರಿನಿಂದ ಊರಿಗೆ ರಾತ್ರಿ ಬಸ್ಸಿನಲ್ಲಿ ಹೋಗುವವರಿಗೆ ಅದೊಂದು ಹಬ್ಬ. ತುಮಕೂರು ದಾಟಿದರೆ ಸಿಗ್ನಲ್ ಹೋಗುತ್ತದೆ ಅನ್ನುವ ಚಿಂತೆ ತಪ್ಪಿತು.

ಸ್ಮಾರ್ಟ್ ಟಿವಿ ಇಲ್ದೋರು ಏನ್ ಮಾಡ್ತಿದ್ರಿ?

ಲ್ಯಾಪ್‌ಟಾಪಿನಿಂದ ಟಿವಿಗೆ ಎಚ್‌ಡಿಎಂಐ ಕೇಬಲ್. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಇನ್ನೂರು ರೂಪಾಯಿಗೆ ಐದು ಮೀಟರಿನದು ತಂದಿದ್ದೆ. ನಡುಮನೆಯಲ್ಲಿ ಅದನ್ನು ದಾಟುವಾಗ ಎಲ್ಲರೂ ಒಮ್ಮೊಮ್ಮೆ ಎಡವಿದ್ದೇವೆ. ಮೊಬೈಲಿನ ಚಿತ್ರವನ್ನು ವೈಫೈ ಮೂಲಕ ಟಿವಿಗೆ ತರುವ ಕ್ರೋಮ್‌ಕಾಸ್ಟ್ 2014ರ ಕೊನೆಗೇ 2,999 ರೂಪಾಯಿಗೆ ಇಲ್ಲಿ ಬಂದಿತ್ತು, ಅದಿದ್ದವರು ಅದೃಷ್ಟವಂತರು.

ಲ್ಯಾಪ್‌ಟಾಪಿನವರು ತಡವಾಗಿ ತಿಳಿದುಕೊಂಡ ಒಂದು ಗುಟ್ಟು ಇದೆ. ಕ್ರೋಮ್ ಬ್ರೌಸರಿನಲ್ಲಿ ನೋಡಿದರೆ ಚಿತ್ರದ ಸ್ಪಷ್ಟತೆ 720ಪಿಗಿಂತ ಮೇಲೆ ಹೋಗುತ್ತಿರಲಿಲ್ಲ. ವಿಂಡೋಸಿನ ಎಡ್ಜ್, ಆ್ಯಪಲ್‌ನ ಸಫಾರಿಯಲ್ಲಿ 1080ಪಿ ಬರುತ್ತಿತ್ತು. ಕಳ್ಳನಕಲು ತಡೆಯುವ ಬೀಗ ಒಂದೊಂದು ಬ್ರೌಸರಿನಲ್ಲಿ ಒಂದೊಂದು ಬಗೆ, ಅದಕ್ಕೆ ಹೀಗೆ. ಆಫೀಸಿನಲ್ಲಿ ಯಾರೂ ಮುಟ್ಟದ ಎಡ್ಜನ್ನು ಮನೆಯಲ್ಲಿ ತೆರೆಯುತ್ತಿದ್ದುದು ಇದೊಂದಕ್ಕೇ.

ಜಾಹೀರಾತು ಇಲ್ಲದ್ದು ಮನೆಯವರಿಗೆ ಇಷ್ಟ ಆಗಿರಬೇಕಲ್ಲ?

ನನಗೆ ಆಯಿತು. ಅಮ್ಮನಿಗೆ ಆಗಲಿಲ್ಲ.

ಅಮ್ಮನ ಸಂಜೆಯ ಅಡುಗೆ ನಿಂತಿದ್ದೇ ಜಾಹೀರಾತಿನ ಮೇಲೆ. ಧಾರಾವಾಹಿಯ ಮೊದಲ ಬ್ರೇಕಿನಲ್ಲಿ ಕುಕ್ಕರ್ ಇಡುವುದು, ಎರಡನೆಯದರಲ್ಲಿ ಆರಿಸಿ ಒಗ್ಗರಣೆ, ಮೂರನೆಯದರಲ್ಲಿ ತಟ್ಟೆ. ನಾನು ಬ್ರಿಟಿಷ್ ಬೇಕಿಂಗ್ ಕಾರ್ಯಕ್ರಮ ಒಂದನ್ನು ಹಾಕಿ ಕೂರಿಸಿದೆ. ಇಪ್ಪತ್ತು ನಿಮಿಷ ನೋಡಿದರು. "ಇವರು ಮಧ್ಯದಲ್ಲಿ ನಿಲ್ಸೋದೇ ಇಲ್ವೇನೋ?" ಅಂದರು. ಪಾಸ್ ಗುಂಡಿ ತೋರಿಸಿದೆ. "ನಾನು ಎದ್ದು ಹೋಗೋದಕ್ಕೋಸ್ಕರ ನೀವೆಲ್ಲ ಕಾಯ್ತಾ ಕೂರೋದಾ?" ಅಂತ ಎದ್ದೇ ಹೋದರು. ಕುಕ್ಕರ್ ಆರನೇ ಸೀಟಿ ಹೊಡೆದಿತ್ತು. ಅವತ್ತು ಬೇಳೆ ಪಾಯಸದ ಹದಕ್ಕೆ ಬೆಂದಿತ್ತು.

## ಒಳಗೆ ಏನಿತ್ತು, ಏನಿರಲಿಲ್ಲ

ಅಮೆರಿಕದಲ್ಲಿರೋ ನಮ್ಮ ಭಾವನಿಗೆ ಸಿಗೋದು ಇಲ್ಲಿ ಯಾಕೆ ಸಿಗ್ತಿರಲಿಲ್ಲ? ಅದೇ ಕಂಪನಿ ತಾನೆ?

ಅದೇ ಕಂಪನಿ, ಆದರೆ ಗೋದಾಮು ಬೇರೆ ಬೇರೆ. ಸಿನಿಮಾದ ಹಕ್ಕು ದೇಶ ದೇಶಕ್ಕೆ ಬಿಡಿಯಾಗಿ ಮಾರಾಟವಾಗುತ್ತದೆ. ನಮ್ಮಲ್ಲಿ ಹಳೇ ಮೈಸೂರು, ಉತ್ತರ ಕರ್ನಾಟಕ ಅಂತ ಪ್ರಾಂತ್ಯವಾರು ಹಂಚಿಕೆ ಕೊಡುವುದಿಲ್ಲವೇ, ಹಾಗೆ. ಭಾರತದ ಹಕ್ಕು ಮೊದಲೇ ಇಲ್ಲಿನ ಚಾನೆಲೊಂದರ ಕೈ ಸೇರಿದ್ದರೆ, ಅದು ಬಿಟ್ಟುಕೊಡುವವರೆಗೆ ನೆಟ್‌ಫ್ಲಿಕ್ಸ್ ಇಲ್ಲಿ ತೋರಿಸುವಂತಿಲ್ಲ. ತಾನೇ ಹಣ ಹಾಕಿದ ಸರಣಿಗಳಲ್ಲೂ ಕೆಲವಕ್ಕೆ ಈ ಗತಿ ಇತ್ತು, ಏಕೆಂದರೆ ಅವನ್ನು ಮಾಡುವಾಗ ಕಂಪನಿಗೆ ಇಷ್ಟು ದೇಶಗಳಲ್ಲಿ ಅಂಗಡಿಯೇ ಇರಲಿಲ್ಲ. ಹೊರದೇಶದ ಹಕ್ಕು ಬೇರೆಯವರ ಪಾಲಾಗಿತ್ತು.

ಭಾವ ಹೇಳಿದ ಹೆಸರುಗಳನ್ನು ಚೀಟಿಯಲ್ಲಿ ಬರೆದುಕೊಂಡು ಕೂತವರಿಗೆಲ್ಲ ಮೊದಲ ರಾತ್ರಿಯೇ ಇದು ಗೊತ್ತಾಯಿತು.

ವಿಪಿಎನ್ ಹಾಕಿ ನೋಡ್ತಿದ್ರಂತಲ್ಲ, ನಿಜಾನಾ?

ಇಲ್ಲಿಗೆ ಬರುವ ಮೊದಲಿಂದಲೂ ಕೆಲವರು ಹಾಗೇ ನೋಡುತ್ತಿದ್ದರು. ಅಮೆರಿಕದಲ್ಲಿ ಕೂತಿರುವ ಹಾಗೆ ವೇಷ ಹಾಕುವುದು ಅಷ್ಟೆ. ಭಾರತಕ್ಕೆ ಬಂದ ಎಂಟನೇ ದಿನ, ಜನವರಿ 14ಕ್ಕೆ, ಇಂಥ ಅಡ್ಡದಾರಿಗಳನ್ನು ಮುಚ್ಚುತ್ತೇವೆ ಅಂತ ಕಂಪನಿ ಘೋಷಿಸಿತು. ಮುಚ್ಚಿತು ಕೂಡ.

ಕನ್ನಡದ್ದು ಏನಾದ್ರೂ ಇತ್ತಾ ಸರ್?

ಎಲ್ಲರಿಗಿಂತ ಹೆಚ್ಚು ಸಲ ಕೇಳಿಸಿಕೊಂಡ ಪ್ರಶ್ನೆ. ಮೆನು ಇಂಗ್ಲಿಷಿನಲ್ಲಿತ್ತು. ಭಾರತಕ್ಕೆ ಬಂದ ದಿನವೇ ಅರೇಬಿಕ್, ಕೊರಿಯನ್, ಚೈನೀಸ್ ಭಾಷೆಗಳನ್ನು ಸೇರಿಸಿದ್ದರು. ಹಿಂದಿಯ ಮೆನು ಬಂದದ್ದೇ 2020ರ ಆಗಸ್ಟಿನಲ್ಲಿ ಅಂದಮೇಲೆ ನಮ್ಮದರ ಮಾತೆಲ್ಲಿ? ಭಾರತದ ಸಿನಿಮಾ ಅಂತ ತೋರಿಸುತ್ತಿದ್ದ ಸಾಲಿನಲ್ಲಿ ದೊಡ್ಡ ಪಾಲು ಹಿಂದಿಯದು.

ಆದರೆ ನನಗೆ ಈಗ ಕೊರೆಯುವುದು ಅದಲ್ಲ. ನಾನು ಹುಡುಕುವ ಪೆಟ್ಟಿಗೆಯಲ್ಲಿ ಕನ್ನಡದ ಹೆಸರೊಂದನ್ನು ಟೈಪ್ ಮಾಡಿದ್ದು ಹನ್ನೊಂದನೇ ದಿನ, ಅದೂ ಅಪ್ಪ "ರಾಜ್‌ಕುಮಾರ್ ಹಾಕು" ಅಂದದ್ದಕ್ಕೆ. ಹತ್ತು ದಿನ ನನಗೆ ಹೊಳೆಯಲೇ ಇಲ್ಲ. ಇದು ಇಂಗ್ಲಿಷ್ ನೋಡುವ ಜಾಗ ಅಂತ ನಾನೇ ತೀರ್ಮಾನ ಮಾಡಿಕೊಂಡುಬಿಟ್ಟಿದ್ದೆ. ಅಪ್ಪ ಕೇಳಿದ್ದು ಸಿಗಲಿಲ್ಲ. "ಇದರಲ್ಲಿ ಅದೆಲ್ಲ ಬರಲ್ಲಪ್ಪ" ಅಂದೆ, ಕಂಪನಿಯ ವಕೀಲನ ಹಾಗೆ. ಅಪ್ಪ "ಐನೂರು ರೂಪಾಯಿ ಅಂದ್ಯಲ್ಲ?" ಅಂತ ಅಷ್ಟೇ ಕೇಳಿ ಉದಯ ಟಿವಿ ಹಾಕಿಕೊಂಡರು. ಮೊದಲ ತಿಂಗಳ ಗಿರಾಕಿಗಳಾದ ನಾವು ಬಫರಿಂಗ್ ಬಗ್ಗೆ ಮಾತಾಡಿದೆವು, ಬೆಲೆ ಬಗ್ಗೆ ಮಾತಾಡಿದೆವು. ಕನ್ನಡ ಇಲ್ಲ ಅಂತ ನಮ್ಮ ಕ್ಯಾಂಟೀನಿನಲ್ಲಿ ಒಬ್ಬನೂ ದೂರಿದ್ದು ನೆನಪಿಲ್ಲ. ಕೇಳದವರಿಗೆ ಯಾರು ತಂದು ಬಡಿಸುತ್ತಾರೆ?

ಒಂದು ತಮಾಷೆ ನೋಡಿ. ಅದೇ ವರ್ಷ ಜುಲೈನಲ್ಲಿ ನೆಟ್‌ಫ್ಲಿಕ್ಸ್ ಜಗತ್ತಿಗೆಲ್ಲ ಬಿಡುಗಡೆ ಮಾಡಿದ 'ಬ್ರಾಹ್ಮಣ್ ನಮನ್' ಎಂಬತ್ತರ ದಶಕದ ಬೆಂಗಳೂರಿನ ಕ್ವಿಜ್ ಹುಡುಗರ ಕಥೆ. ಊರು ನಮ್ಮದೇ, ಮಾತು ಇಂಗ್ಲಿಷ್.

ಹಾಗಾದ್ರೆ ಕನ್ನಡದ ಮನೆಗಳಿಗೆ ಒಟಿಟಿ ಬಂದಿದ್ದು ಯಾವಾಗ ಅನ್ಬೇಕು?

ಒಟಿಟಿ ಅಂದರೆ ನೆಟ್ಟಿನಲ್ಲಿ ಸಿನಿಮಾ, ಧಾರಾವಾಹಿ ತೋರಿಸುವ ಇಂಥ ಸೇವೆ. ನನ್ನ ಪ್ರಕಾರ ಅದು ಬಂದದ್ದು ಧಾರಾವಾಹಿಯ ಬಾಗಿಲಿನಿಂದ. 2016ರಲ್ಲೇ, ನೆಟ್‌ಫ್ಲಿಕ್ಸ್ ಬಂದ ಕೆಲವೇ ತಿಂಗಳುಗಳಲ್ಲಿ ವೂಟ್ ಬಂತು. ಕಲರ್ಸ್ ಕನ್ನಡದ ಕಾರ್ಯಕ್ರಮಗಳು ಅದರಲ್ಲಿ ಬಿಟ್ಟಿಯಾಗಿ ಸಿಕ್ಕವು. 2017ರ ಜೂನ್‌ನಲ್ಲಿ ಸನ್ ನೆಕ್ಸ್ಟ್, 2018ರ ಫೆಬ್ರವರಿಯಲ್ಲಿ ಝೀ5. ಕರೆಂಟ್ ಹೋಗಿ ತಪ್ಪಿದ ನಿನ್ನೆಯ ಕಂತನ್ನು ಮೊಬೈಲಿನಲ್ಲಿ ನೋಡಬಹುದು ಅನ್ನುವುದು ಗೊತ್ತಾದ ದಿನ ನಮ್ಮ ಅಮ್ಮ ಸ್ಟ್ರೀಮಿಂಗ್‌ಗೆ ಒಲಿದರು. ಸಿನಿಮಾದ ಲೆಕ್ಕಕ್ಕೆ ಬಂದರೆ, ಪಿಆರ್‌ಕೆ ಪ್ರೊಡಕ್ಷನ್ಸ್‌ನ 'ಲಾ', 'ಫ್ರೆಂಚ್ ಬಿರಿಯಾನಿ' 2020ರ ಜುಲೈನಲ್ಲಿ ಥಿಯೇಟರ್ ಮುಟ್ಟದೆ ನೇರವಾಗಿ ಅಮೆಜಾನ್ ಪ್ರೈಮ್‌ನಲ್ಲಿ ಬಂದವು. ಅಲ್ಲಿಗೆ ನಾಲ್ಕೂವರೆ ವರ್ಷ ಕಳೆದಿತ್ತು.

ಡಬ್ ಮಾಡಿಯಾದ್ರೂ ಕೊಡಬಹುದಿತ್ತಲ್ಲ?

ಇದಕ್ಕೆ ಹೊರಗಿನವರನ್ನೊಬ್ಬರನ್ನೇ ಬೈದರೆ ಅನ್ಯಾಯ. ಕನ್ನಡಕ್ಕೆ ಡಬ್ಬಿಂಗ್ ಬೇಡ ಅನ್ನುವುದು ಇಲ್ಲಿನ ಚಿತ್ರರಂಗ ದಶಕಗಳ ಕಾಲ ಪಾಲಿಸಿಕೊಂಡು ಬಂದ ಕಟ್ಟುಪಾಡು. ಆ ತಡೆ ಸರಿಯಲ್ಲ ಅಂತ ಭಾರತೀಯ ಸ್ಪರ್ಧಾ ಆಯೋಗ ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಗೆ ದಂಡ ಹಾಕಿದ್ದು 2015ರ ಜುಲೈನಲ್ಲಿ, ನೆಟ್‌ಫ್ಲಿಕ್ಸ್ ಬರುವ ಆರು ತಿಂಗಳು ಮುಂಚೆಯಷ್ಟೆ. 2017ರಲ್ಲಿ ತಮಿಳಿನಿಂದ ಡಬ್ ಆದ ಚಿತ್ರವೊಂದು ಬಿಡುಗಡೆಯಾದಾಗಲೂ ಥಿಯೇಟರ್ ಮುಂದೆ ಪ್ರತಿಭಟನೆ ನಡೆಯಿತು. ಇಲ್ಲಿನ ಕಲಾವಿದರ, ತಂತ್ರಜ್ಞರ ಅನ್ನದ ಪ್ರಶ್ನೆ ಅದರ ಹಿಂದಿತ್ತು, ಅದು ಸುಳ್ಳಲ್ಲ. ಮಗುವಿಗೆ ಕಾರ್ಟೂನು ಕನ್ನಡದಲ್ಲಿ ಸಿಗದೆ ಹೋದದ್ದೂ ಸುಳ್ಳಲ್ಲ.

ಸೆನ್ಸಾರ್ ಇರಲಿಲ್ಲ ಅಂತಾರೆ. ಅದಕ್ಕೇ ಅಲ್ವಾ ಜನ ಹಾಕಿಸ್ಕೊಂಡಿದ್ದು?

ಕೆಲವರು, ಹೌದು. 2015ರ ನವೆಂಬರಿನಲ್ಲಷ್ಟೇ ಬಾಂಡ್ ಚಿತ್ರದ ಚುಂಬನವನ್ನು ಸೆನ್ಸಾರ್ ಮಂಡಳಿ ಅರ್ಧಕ್ಕೆ ಕತ್ತರಿಸಿ ಊರೆಲ್ಲ ನಕ್ಕಿತ್ತು. ಆ ಮಂಡಳಿ ನೋಡಿಕೊಳ್ಳುವುದು ಥಿಯೇಟರಿನ ಪ್ರದರ್ಶನವನ್ನು. ಆನ್‌ಲೈನ್ ಸೇವೆಗಳು ಅದರ ಕೈಯಳತೆಯಲ್ಲಿ ಇರಲಿಲ್ಲ. 13+, 16+ ಅಂತ ವಯಸ್ಸಿನ ಗುರುತು ಕಡ್ಡಾಯ ಮಾಡಿದ ನಿಯಮಗಳು 2021ರ ಫೆಬ್ರವರಿಯವು. ಕತ್ತರಿ ಇಲ್ಲದ ಚಿತ್ರವನ್ನು ಅಪ್ಪ ಅಮ್ಮನ ಪಕ್ಕ ಕೂತು ನೋಡುವ ಧೈರ್ಯ ಮಾತ್ರ ಯಾವ ಪ್ಲಾನಿನಲ್ಲೂ ಬರುತ್ತಿರಲಿಲ್ಲ. ರಿಮೋಟು ಯಾವಾಗಲೂ ಕೈಯಲ್ಲೇ.

ಮಕ್ಕಳ ಕೈಗೆ ಕೊಡೋ ಹಾಗಿತ್ತಾ?

ಒಂದು ಅಕೌಂಟಿಗೆ ಐದು ಪ್ರೊಫೈಲ್, ಮಕ್ಕಳಿಗೆ ಪ್ರತ್ಯೇಕ. ಬೇಕಾದರೆ ನಾಲ್ಕು ಅಂಕಿಯ ಪಿನ್. ಮಗನಿಗೆ ಆಗ ನಾಲ್ಕು ವರ್ಷ. ಓದಲು ಬಾರದಿದ್ದರೂ ಚಿತ್ರ ನೋಡಿ ತನ್ನ ಪ್ರೊಫೈಲನ್ನು ನನಗಿಂತ ಬೇಗ ಹುಡುಕುತ್ತಿದ್ದ.

## ತಲೆ ಕೆರೆದುಕೊಳ್ಳುವಂಥವು

ಶುರುನಲ್ಲೇ 'ಮೂರು ಆರಿಸಿ' ಅಂತ ಯಾಕೆ ಕೇಳ್ತಿತ್ತು? ಏನನ್ನ ಒತ್ತಿದ್ರೂ ನಡೆಯುತ್ತಾ?

ನಡೆಯುತ್ತೆ, ಆದರೆ ಫಲ ಅನುಭವಿಸಬೇಕು. ಹೊಸ ಗಿರಾಕಿಯ ರುಚಿ ಯಂತ್ರಕ್ಕೆ ಗೊತ್ತಿರುವುದಿಲ್ಲ. ಆ ಮೂರು ಹೆಸರು ಹಿಡಿದುಕೊಂಡು ಅದು ಮೊದಲ ಪುಟ ಜೋಡಿಸುತ್ತದೆ. ಅವಸರದಲ್ಲಿ ನಾನು ಕೈಗೆ ಸಿಕ್ಕ ಮೂರು ಒತ್ತಿದೆ. ಒಂದು ಶಾರ್ಕ್ ಮೀನಿನ ಚಿತ್ರ. ವಾರಗಟ್ಟಲೆ ಸಮುದ್ರವೇ ಸಮುದ್ರ.

ಒಳಗಿನ ಲೆಕ್ಕ ಇನ್ನೂ ಸ್ವಾರಸ್ಯ. 130 ದೇಶಗಳು ಸೇರಿದ ಹೊತ್ತಿನಲ್ಲೇ ಅವರು ದೇಶವಾರು ಲೆಕ್ಕ ಬಿಟ್ಟು ರುಚಿವಾರು ಲೆಕ್ಕಕ್ಕೆ ಹೋದರು. ಅಂದರೆ ಮಲ್ಲೇಶ್ವರದಲ್ಲಿ ಕೂತು ಭಯಾನಕ ಚಿತ್ರ ನೋಡುವವನನ್ನು ಪಕ್ಕದ ಮನೆಯವನ ಜೊತೆಗಲ್ಲ, ಬ್ರೆಜಿಲ್‌ನಲ್ಲಿ ಅಂಥದ್ದೇ ನೋಡುವವನ ಜೊತೆ ಸೇರಿಸುವುದು. ಆಗಿನ ಐದು ನಕ್ಷತ್ರದ ಅಂಕ ಹೋಗಿ ಇಷ್ಟ, ಇಷ್ಟವಿಲ್ಲ ಅಂತ ತೋರಿಸುವ ಹೆಬ್ಬೆಟ್ಟು ಬಂದದ್ದು 2017ರ ಏಪ್ರಿಲ್‌ನಲ್ಲಿ. ಆ ನಕ್ಷತ್ರ ಊರಿನವರೆಲ್ಲ ಕೊಟ್ಟ ಸರಾಸರಿ ಅಂತ ಎಷ್ಟೋ ಜನ ತಿಳಿದಿದ್ದರು. ಅದು "ನೀನು ಇಷ್ಟು ಕೊಡಬಹುದು" ಅನ್ನುವ ಊಹೆ.

ಬರ್ತಾ ಬರ್ತಾ ಅದೇ ನೆಟ್ಟಲ್ಲಿ ಚಿತ್ರ ಚೆನ್ನಾಗಿ ಕಾಣೋಕೆ ಶುರುವಾಯ್ತಲ್ಲ, ಹೇಗೆ?

ಎರಡು ಕಾರಣ. ಒಂದು, ಚಿತ್ರವನ್ನು ಕುಗ್ಗಿಸುವ ವಿಧಾನ ಬದಲಾಯಿತು. ಮೊದಲು ಎಲ್ಲಕ್ಕೂ ಒಂದೇ ಅಳತೆ ಪಟ್ಟಿ, 1080ಪಿ ಅಂದರೆ 5,800 ಕೆಬಿಪಿಎಸ್ ಅಂತ ಗೊತ್ತುಮಾಡಿದ್ದರು. ಕಾರ್ಟೂನಿನಲ್ಲಿ ಬಣ್ಣ ಸಪಾಟು, ಅದಕ್ಕೆ ಅಷ್ಟು ಬೇಡ. ಮಳೆ, ಧೂಳು, ಓಟ ತುಂಬಿದ ಚಿತ್ರಕ್ಕೆ ಜಾಸ್ತಿ ಬೇಕು. ಒಂದೊಂದು ಚಿತ್ರಕ್ಕೂ ಅದರ ಮೈಗೆ ತಕ್ಕ ಅಳತೆ ಹೊಲಿಯುವ ಪದ್ಧತಿಯನ್ನು 2015ರ ಡಿಸೆಂಬರಿನಲ್ಲಿ ಪ್ರಕಟಿಸಿದರು. ನಾವು ಸೇರಿಕೊಂಡಾಗ ಆ ಕೆಲಸ ಇನ್ನೂ ನಡೆಯುತ್ತಿತ್ತು.

ಎರಡನೆಯದು ಓಪನ್ ಕನೆಕ್ಟ್. ಇಂಟರ್‌ನೆಟ್ ಕೊಡುವ ಕಂಪನಿಗಳ ಜಾಗದಲ್ಲೇ ನೆಟ್‌ಫ್ಲಿಕ್ಸ್ ತನ್ನ ಪೆಟ್ಟಿಗೆಗಳನ್ನು ಬಿಟ್ಟಿಯಾಗಿ ಇಡುತ್ತದೆ. ಜನ ಹೆಚ್ಚು ನೋಡುವ ಚಿತ್ರಗಳ ಪ್ರತಿ ಸಂದಣಿ ಇಲ್ಲದ ಹೊತ್ತಿನಲ್ಲಿ ಅದರೊಳಗೆ ಬಂದು ಕೂರುತ್ತದೆ. ಸಂಜೆ ನಾವು ಪ್ಲೇ ಒತ್ತಿದಾಗ ಅದು ಸಮುದ್ರ ದಾಟಿ ಬರಬೇಕಿಲ್ಲ, ನಮ್ಮ ಊರಿನ ಪೆಟ್ಟಿಗೆಯಿಂದ ಬಂದರೆ ಸಾಕು. ನಂದಿನಿ ಬೂತಿಗೆ ಹಾಲು ನಸುಕಿನಲ್ಲೇ ಬಂದಿರುತ್ತದಲ್ಲ, ಹಾಗೆ.

ಫ್ರೀ ತಿಂಗಳು ಮುಗಿದ ಮೇಲೆ ಎಷ್ಟು ಜನ ಉಳ್ಕೊಂಡ್ರು?

ಊರಿನ ಲೆಕ್ಕ ನನ್ನ ಹತ್ತಿರ ಇಲ್ಲ, ಕ್ಯಾಂಟೀನಿನದು ಇದೆ. ಆರು ಜನ ಶುರು ಮಾಡಿದ್ದೆವು. ಫೆಬ್ರವರಿಯಲ್ಲಿ ಐವರು ಬಿಟ್ಟರು. ಕೆಂಪು ಸುತ್ತಿನ ಸಹೋದ್ಯೋಗಿ ಒಂದು ದಿನ ಮುಂಚೆಯೇ ಬಿಟ್ಟರು, "ಯಾಕೆ ರಿಸ್ಕು" ಅಂತ. ಉಳಿದವನು ನಾನೊಬ್ಬ, ಬಿಟ್ಟವರಲ್ಲಿ ಮೂವರು ನನ್ನ ಬೆನ್ನಿಗೆ ಬಿದ್ದರು. 800ರ ಪ್ಲಾನು, ನಾಲ್ಕು ಪರದೆ, ನಾಲ್ಕು ಮನೆ, ತಲೆಗೆ 200. ಪ್ರತಿ ತಿಂಗಳು ಇನ್ನೂರಿನ ವಸೂಲಿ ಚೀಟಿ ವ್ಯವಹಾರಕ್ಕಿಂತ ಕಷ್ಟ.

ಮೂರೂವರೆ ವರ್ಷದ ನಂತರ, 2019ರ ಜುಲೈನಲ್ಲಿ, ನೆಟ್‌ಫ್ಲಿಕ್ಸ್ ಭಾರತಕ್ಕೆಂದೇ ಮೊಬೈಲ್ ಪ್ಲಾನ್ ತಂದಾಗ ಇಟ್ಟ ಬೆಲೆ 199. ನಮ್ಮ ಕ್ಯಾಂಟೀನು ಮೊದಲೇ ಕಂಡುಕೊಂಡಿದ್ದ ದರ. 2021ರ ಡಿಸೆಂಬರಿನಲ್ಲಿ ಅದನ್ನು 149ಕ್ಕೂ, 499 ಇದ್ದ ಬೇಸಿಕ್ ಪ್ಲಾನನ್ನು 199ಕ್ಕೂ ಇಳಿಸಿದರು. ಬೆಲೆ ಜಾಸ್ತಿ ಅಂತ ಮೊದಲ ತಿಂಗಳೇ ಬಿಟ್ಟು ಹೋದವರ ಮಾತು ಮೇಜಿಗೆ ತಲುಪಲು ಸುಮಾರು ಆರು ವರ್ಷ ಹಿಡಿಯಿತು.

ಈಗ ಹೊಸದೊಂದು ಒಟಿಟಿ ಬಂದ್ರೆ ಮೊದಲ ವಾರ ಏನೇನು ನೋಡ್ಬೇಕು?

ವರ್ಷದ ಪ್ಲಾನ್ ಮೊದಲ ದಿನವೇ ತಗೋಬೇಡಿ, ಎಷ್ಟು ಅಗ್ಗ ಅಂದರೂ. ತಗೊಂಡ ಕೂಡಲೇ ಬಿಡುವ ದಾರಿ ಎಲ್ಲಿದೆ ಅಂತ ಹುಡುಕಿ, ಆ ಗುಂಡಿ ಮೂರು ಮೆನುವಿನ ಹಿಂದೆ ಅಡಗಿದ್ದರೆ ಅದೇ ಒಂದು ಸೂಚನೆ. ಭಾನುವಾರ ರಾತ್ರಿ ಒಂಬತ್ತಕ್ಕೆ ಹಾಕಿ ನೋಡಿ. ಬೆಳಗಿನ ಜಾವ ಎಲ್ಲ ಆ್ಯಪೂ ಚೆನ್ನಾಗಿಯೇ ಓಡುತ್ತದೆ. ಜಾಹೀರಾತಿನಲ್ಲಿ ತೋರಿಸಿದ ಸಿನಿಮಾ ಬಿಡಿ, ನಿಮ್ಮ ಮನೆಯಲ್ಲಿ ನಿಜವಾಗಿ ನೋಡುವ ಐದು ಹೆಸರು ಹುಡುಕಿ. ಅದರಲ್ಲಿ ಎರಡಾದರೂ ಕನ್ನಡದ್ದಿರಲಿ, ಕನ್ನಡ ಲಿಪಿಯಲ್ಲೇ ಟೈಪ್ ಮಾಡಿ. ಸಿಗದಿದ್ದರೆ ಗಿರಾಕಿ ಸೇವೆಗೆ ಎರಡು ಸಾಲು ಬರೆಯಿರಿ. ಹನ್ನೊಂದು ದಿನ ಕಾಯಬೇಡಿ.

ಆ ಮೊದಲ ಅಕೌಂಟ್ ಇನ್ನೂ ಇದೆಯಾ?

ಇದೆ, ಈಗ ಒಂದೇ ಮನೆಗೆ. 2023ರ ಜುಲೈನಲ್ಲಿ ಪಾಸ್‌ವರ್ಡ್ ಹಂಚಿಕೆ ನಿಲ್ಲಿಸಿದಾಗ ಕ್ಯಾಂಟೀನಿನ ಮೂವರೂ ತಮ್ಮ ತಮ್ಮ ಪ್ರೊಫೈಲನ್ನು ಹೊಸ ಅಕೌಂಟಿಗೆ ಸಾಗಿಸಿಕೊಂಡು ಹೋದರು. ಒಬ್ಬರದು ಇನ್ನೂ ನಾಲ್ಕು ತಿಂಗಳ ಇನ್ನೂರು ಬಾಕಿ ಇದೆ, ಅವರಿಗೂ ಗೊತ್ತು. ಉಳಿದ ಪ್ರೊಫೈಲುಗಳಲ್ಲಿ ಒಂದು ಅಮ್ಮನದು. ಅವತ್ತು ಟಿವಿ ರಿಮೋಟಿನ ಬಾಣದ ಗುಂಡಿ ಒತ್ತಿ ಒತ್ತಿ ಇಂಗ್ಲಿಷಿನಲ್ಲಿ ಹೆಸರು ಟೈಪ್ ಮಾಡುವಾಗ ಒಂದು 'ಎಂ' ಬಿಟ್ಟುಹೋಗಿ "ಅಮ" ಆಯಿತು. ತಿದ್ದೋಣ ಅಂದರೆ ಬೇಡ ಅಂತಾರೆ. "ಬಿಡೋ, ಕರೆದ್ರೆ ಬರ್ತೀನಲ್ಲ."